ಸೂರ್ಯನ ಬಿರುಗಾಳಿಗೆ ಲೆಕ್ಕ ಇಟ್ಟವರು

ಬಿಸಿಲು ನಮ್ಮ ಸಿಂದಗಿ ಸೀಮೆಗೆ ಹೊಸದಲ್ಲ. ಏಪ್ರಿಲ್, ಮೇ ಬಂತೆಂದರೆ ಯಂಕಂಚಿಯ ಹೊಲದಲ್ಲಿ ಮಧ್ಯಾಹ್ನ ನಿಲ್ಲಲಾಗದು. ಆದರೆ ಸೂರ್ಯ ಕಳಿಸುವುದು ಬಿಸಿಲನ್ನಷ್ಟೇ ಅಲ್ಲ. ಅವನ ಮೈಮೇಲೆ ಕಪ್ಪು ಕಲೆಗಳು ಏಳುತ್ತವೆ. ಸುಮಾರು 11 ವರ್ಷಕ್ಕೊಮ್ಮೆ ಅವು ಹೆಚ್ಚಾಗಿ, ಮತ್ತೆ ಕಡಿಮೆಯಾಗುತ್ತವೆ. ಕಲೆ ಇದ್ದಲ್ಲಿ ಒಮ್ಮೊಮ್ಮೆ ಸ್ಫೋಟವಾಗಿ, ವಿದ್ಯುತ್ ತುಂಬಿದ ಕಣಗಳ ಮೋಡ ಹೊರಬೀಳುತ್ತದೆ. ಅದು ಭೂಮಿಗೆ ಬಡಿದರೆ ದಿಕ್ಸೂಚಿಯ ಮುಳ್ಳೂ ಅಲುಗುತ್ತದೆ. ಇದೇ ಕಾಂತ ಬಿರುಗಾಳಿ.

ಇಂಥ ಬಿರುಗಾಳಿಯ ಬಹಳ ದೊಡ್ಡ ದಾಖಲೆಯೊಂದು ನಮ್ಮ ಹಳೆಯ ಪ್ರಾಂತದಲ್ಲೇ ಇದೆ. 1859ರಲ್ಲಿ ನಮ್ಮ ಸೀಮೆ ಮುಂಬೈ ಪ್ರಾಂತಕ್ಕೆ ಸೇರಿತ್ತು. ಮುಂಬೈಯ ಕೊಲಾಬಾ ವೀಕ್ಷಣಾಲಯದಲ್ಲಿ ಭೂಮಿಯ ಕಾಂತಬಲವನ್ನು ದಿನಾಲೂ ಅಳೆದು ಕೈಯಿಂದ ಬರೆದಿಡುತ್ತಿದ್ದರು.

ಆ ವರ್ಷ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಕಲೆಯ ಬಳಿ ಬೆಳಕು ಭುಗಿಲೆದ್ದುದನ್ನು ಕಂಡರು. ಹದಿನೇಳೂವರೆ ತಾಸು ಕಳೆಯುವಷ್ಟರಲ್ಲಿ ಬಿರುಗಾಳಿ ಭೂಮಿಗೆ ಮುಟ್ಟಿತು. ಅಮೆರಿಕ, ಯುರೋಪಿನಲ್ಲಿ ತಂತಿ ಕಳಿಸುವ ಯಂತ್ರಗಳಿಂದ ಕಿಡಿ ಹಾರಿದವು. ಹಲವು ಕಡೆ ಅಳತೆ ಪಟ್ಟಿ ಮೀರಿಹೋಗಿ ದಾಖಲೆಯೇ ಸಿಗಲಿಲ್ಲ. ಕೊಲಾಬಾದಲ್ಲಿ ಸಿಕ್ಕಿತು. 2003ರಲ್ಲಿ ಭಾರತದ ಮತ್ತು ಹೊರದೇಶದ ವಿಜ್ಞಾನಿಗಳು ಆ ಹಳೆಯ ಅಂಕಿಗಳನ್ನು ಹೊರತೆಗೆದು ನೋಡಿದರು. ಕಾಂತಬಲ ಸುಮಾರು 1600 ನ್ಯಾನೋಟೆಸ್ಲಾದಷ್ಟು ಕುಸಿದಿತ್ತು.

ಇದು ಎಷ್ಟು ದೊಡ್ಡದು? 1989ರ ಮಾರ್ಚ್‌ನಲ್ಲಿ ಇದಕ್ಕಿಂತ ಬಹಳ ಸಣ್ಣ ಬಿರುಗಾಳಿಗೆ ಕೆನಡಾದ ಕ್ವಿಬೆಕ್‌ನಲ್ಲಿ ಕರೆಂಟ್ ಹೋಗಿ, ಸುಮಾರು 60 ಲಕ್ಷ ಜನ 9 ತಾಸು ಕತ್ತಲಲ್ಲಿ ಕುಳಿತರು.

ಮುಂದೆ ಮುಂಬೈಗೆ ವಿದ್ಯುತ್ ಟ್ರಾಮ್ ಬರುವುದೆಂದಾಗ ಅದರಿಂದ ಅಳತೆ ಕೆಡುತ್ತದೆಂದು ಕೆಲಸವನ್ನು ಸಮುದ್ರದಾಚೆಯ ಅಲಿಬಾಗಿಗೆ ಒಯ್ದರು. 1904ರಿಂದ ಅಲ್ಲಿ ಅಳತೆ ನಡೆದಿದೆ. ಇತ್ತ ತಮಿಳುನಾಡಿನ ಕೊಡೈಕೆನಾಲ್‌ನಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಸೂರ್ಯನ ಫೋಟೋ ತೆಗೆಯುತ್ತ ಬಂದಿದ್ದಾರೆ. ಆ ವೀಕ್ಷಣಾಲಯವನ್ನು ಈಗ ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿ ಇದೇ ಸಂಸ್ಥೆಯ ಆಂಟೆನಾಗಳು ಸೂರ್ಯನಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುತ್ತವೆ.

2023ರ ಸೆಪ್ಟೆಂಬರ್ 2ರಂದು ಇಸ್ರೋದ ಆದಿತ್ಯ-ಎಲ್1 ಹಾರಿತು. ಅದರ ಮುಖ್ಯ ಉಪಕರಣವನ್ನು ಕಟ್ಟಿದ್ದು ಇದೇ ಖಭೌತ ಸಂಸ್ಥೆ. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ಅದು ಕಾವಲು ಕೂತಿದೆ. ಸ್ಫೋಟದ ಬೆಳಕು 8 ನಿಮಿಷದಲ್ಲಿ ಬರುತ್ತದೆ, ಕಣಗಳ ಮೋಡ ಬರಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಮುನ್ಸೂಚನೆಗೆ ಸಿಗುವ ಸಮಯ ಅಷ್ಟೇ.

ನಮಗೇಕೆ ಇದು? 2024ರ ಮೇ 10ರ ಬಿರುಗಾಳಿಗೆ ಅಮೆರಿಕದಲ್ಲಿ ಬಿತ್ತನೆ ಹೊತ್ತಿಗೇ ಜಿಪಿಎಸ್ ನಂಬಿದ ಟ್ರ್ಯಾಕ್ಟರ್‌ಗಳು ದಾರಿ ತಪ್ಪಿದವು. ನಮ್ಮ ಹೊಲದ ಅಳತೆಗೂ ಈಗ ಉಪಗ್ರಹ ನಂಬಿದ ರೋವರ್ ಬರುತ್ತಿದೆ, ಔಷಧಿ ಹೊಡೆಯಲು ಡ್ರೋನ್ ಬರುತ್ತಿದೆ. ಬಿರುಗಾಳಿ ಎದ್ದ ದಿನ ಬದು ಅಳೆದರೆ ಲೆಕ್ಕ ತಪ್ಪಬಹುದು, ತಪ್ಪು ಅಳತೆ ಅಣ್ಣತಮ್ಮಂದಿರ ಜಗಳಕ್ಕೂ ದಾರಿ. ಅಂಥ ದಿನ ಅಳತೆಯನ್ನು ಮುಂದೆ ಹಾಕುವುದೇ ಜಾಣತನ.

ಇನ್ನೊಂದು ಮಾತು. ಸೌರ ಬಿರುಗಾಳಿಯಿಂದ ನೆಲದ ಮೇಲಿರುವ ನಮ್ಮ ಮೈಗೆ ಏನೂ ಆಗುವುದಿಲ್ಲ. ರಾತ್ರಿ ಫೋನ್ ದೂರ ಇಡಿ, ಕಿರಣ ಬರುತ್ತವೆ ಎಂಬ ಮೆಸೇಜ್ ಬಂದರೆ ಯಾರಿಗೂ ಕಳಿಸಬೇಡಿ.