ಒಂದೇ ತಟ್ಟೆಗೆ ಏಳು ಕೈ: ದಾವಣಗೆರೆ ದೋಸೆ ಟೇಬಲ್‌ವರೆಗೆ ನಾವು ಬಂದ ದಾರಿ

ದಾವಣಗೆರೆಗೆ ಹೋಗಿ ಬಂದವರನ್ನು ನಮ್ಮ ನೀಲಗುಂದದ ಕಡೆ ಮೊದಲು ಕೇಳುವುದು ಕೆಲಸ ಆಯ್ತಾ ಅಂತಲ್ಲ, "ದೋಸಿ ತಿಂದ್ರಾ?" ಅಂತ. ಆಸ್ಪತ್ರೆಗೆ ಹೋಗಿರಲಿ, ಮದುವೆ ಜವಳಿಗೆ ಹೋಗಿರಲಿ, ಮೆಕ್ಕೆಜೋಳ ಮಾರೋಕೆ ಹೋಗಿರಲಿ, ಬೆಣ್ಣೆ ದೋಸೆ ತಿನ್ನದೆ ವಾಪಸ್ ಹರಪನಹಳ್ಳಿ ಬಸ್ ಹತ್ತಿದರೆ ಆ ತಿರುಗಾಟ ಲೆಕ್ಕಕ್ಕಿಲ್ಲ. ನಮ್ಮ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು, 2021ರಿಂದ ವಿಜಯನಗರ ಜಿಲ್ಲೆ. ಕಚೇರಿ ಬೋರ್ಡುಗಳು ಬದಲಾದವು, ದೋಸೆಯ ದಾರಿ ಬದಲಾಗಲಿಲ್ಲ.

ದೋಸೆಯ ರುಚಿ ಬಗ್ಗೆ ಬರೆದವರು ಬಹಳ ಜನ ಇದ್ದಾರೆ. ನಾನು ಬರೆಯಬೇಕು ಅಂದುಕೊಂಡಿರುವುದು ಆ ಟೇಬಲ್ ಬಗ್ಗೆ. ನಮ್ಮ ಊರುಗಳ ಜನ ಅಲ್ಲಿ ಯಾರ ಪಕ್ಕ ಕೂತು ಯಾರ ತಟ್ಟೆಗೆ ಕೈ ಹಾಕುತ್ತಾರೆ ಅನ್ನುವುದರ ಬಗ್ಗೆ. ಈಗ ಇದು ಸಾಮಾನ್ಯ ಅನಿಸುತ್ತದೆ. ನಮ್ಮ ತಾತಂದಿರ ಕಾಲಕ್ಕೆ ಸಾಮಾನ್ಯ ಆಗಿರಲಿಲ್ಲ.

ಒಂದೇ ತಟ್ಟೆಯಲ್ಲಿ ಉಣ್ಣುವುದು ನಮಗೇನು ಹೊಸದಲ್ಲ. ಮನೆಯಲ್ಲಿ ದೊಡ್ಡ ಗಂಗಾಳದಲ್ಲಿ ಅವ್ವ ಅನ್ನ ಕಲಸಿಟ್ಟರೆ ಮಕ್ಕಳೆಲ್ಲ ಸುತ್ತ ಕೂತು ತಿಂದವರೇ. ಎಳ್ಳಮಾಸಿ ದಿನ ಹೊಲದಲ್ಲಿ ಚರಗ ಚೆಲ್ಲಿ, ಬುತ್ತಿ ಬಿಚ್ಚಿ, ರೊಟ್ಟಿ ಪಲ್ಯ ಹೋಳಿಗೆ ಎಲ್ಲ ಕೂಡಿ ತಿಂದವರೇ. ಕೊಟ್ಟೂರಿಗೆ ಹೋದರೆ ಪೇಪರ್ ಮೇಲೆ ಮಂಡಕ್ಕಿ ಸುರುವಿಕೊಂಡು, ಮಧ್ಯೆ ಬಿಸಿ ಮಿರ್ಚಿ ಇಟ್ಟು, ನಾಲ್ಕು ಜನ ಸುತ್ತ ನಿಂತು ಮುಗಿಸುತ್ತೇವೆ. ಆದರೆ ಗಂಗಾಳದ ಸುತ್ತ ಕೂತವರು ಒಂದೇ ಮನೆಯವರು. ಚರಗದ ಬುತ್ತಿ ಬಿಚ್ಚಿದವರು ಒಂದೇ ಬಳಗದವರು. ಕೂಡಿ ಉಣ್ಣುವುದಕ್ಕೆ ಒಂದು ಬೇಲಿ ಇತ್ತು, ಬೇಲಿಯ ಒಳಗೆ ಪ್ರೀತಿ ಬೇಕಾದಷ್ಟಿತ್ತು.

ಊರಿನ ಭೀಮೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಆ ಕಾಲದ ಶಾಸನಗಳಲ್ಲಿ ದೇವರ ನೈವೇದ್ಯಕ್ಕೆ, ತಪೋಧನರ ಆಹಾರದಾನಕ್ಕೆ ಭೂಮಿ ಬಿಟ್ಟ ಮಾತು ಮತ್ತೆ ಮತ್ತೆ ಬರುತ್ತದೆ. ಅನ್ನ ಹಾಕುವುದು ಪುಣ್ಯ, ಅದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಆದರೆ ಅನ್ನ ಹಾಕುವುದು ಬೇರೆ, ಜೊತೆಗೆ ಕೂತು ಉಣ್ಣುವುದು ಬೇರೆ. 12ನೇ ಶತಮಾನದ ಶರಣರು ಮುಟ್ಟಿದ್ದು ಈ ಎರಡನೆಯದನ್ನು. ಅದಕ್ಕೇ ಅವರ ಮೇಲೆ ಅಷ್ಟು ಸಿಟ್ಟು ಬಂತು. ಅದಾಗಿ ಎಂಟು ನೂರು ವರ್ಷ ಕಳೆದ ಮೇಲೂ ನಮ್ಮ ಜಾತ್ರೆಗಳಲ್ಲಿ ಒಂದೇ ಹಂಡೆಯ ಸಾರು, ಕೂರುವ ಸಾಲು ಮಾತ್ರ ಬೇರೆ ಬೇರೆ ಇತ್ತು.

ಹೋಟೆಲು ಬಂದದ್ದು ಇಂಥ ನಾಡಿಗೆ. ಅದಕ್ಕೂ ಮೊದಲು ಪರಊರಿಗೆ ಹೋಗುವವನು ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ, ಇಲ್ಲವೇ ಛತ್ರದಲ್ಲಿ ತಾನೇ ಅಡುಗೆ ಮಾಡಿಕೊಳ್ಳುತ್ತಿದ್ದ. ದುಡ್ಡು ಕೊಟ್ಟು ಅನ್ನ ಉಣ್ಣುವುದು ಅಂದರೆ ನಾಚಿಕೆ, ಯಾರು ಬೇಯಿಸಿದ್ದೋ ಅನ್ನುವ ಭಯ ಬೇರೆ. ಉಡುಪಿ ಕಡೆಯ ಬ್ರಾಹ್ಮಣ ಅಡುಗೆಯವರು ಹೋಟೆಲ್ ದಂಧೆಯಲ್ಲಿ ಗೆದ್ದದ್ದಕ್ಕೆ ರುಚಿಯಷ್ಟೇ ಕಾರಣ ಅಲ್ಲ. ಬ್ರಾಹ್ಮಣ ಬೇಯಿಸಿದ್ದನ್ನು ಎಲ್ಲ ಜಾತಿಯವರೂ ತಿನ್ನಬಹುದು ಅನ್ನುವ ಹಳೆಯ ನಿಯಮವೂ ಕಾರಣ. ಬೆಂಗಳೂರಿನ ಎಂಟಿಆರ್ ಶುರುವಾದದ್ದು 1924ರಲ್ಲಿ, ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರಿಂದ. ಆ ಕಾಲದ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ, ಉಳಿದವರಿಗೆ ಬೇರೆ ಕೋಣೆ ಇರುವುದು ರೂಢಿ. ಮೈಸೂರು ಸಂಸ್ಥಾನದಲ್ಲೂ ಇತ್ತು, ಮದ್ರಾಸ್ ಪ್ರಾಂತ್ಯದಲ್ಲೂ ಇತ್ತು. ದಲಿತರಿಗೆ ಯಾವ ಕೋಣೆಯೂ ಇಲ್ಲ. ಬೋರ್ಡುಗಳೂ ಹಾಗೇ: ಬ್ರಾಹ್ಮಣರ ಫಲಾಹಾರ ಮಂದಿರ, ಲಿಂಗಾಯತ ಖಾನಾವಳಿ. ಓದೋಕೆ ಬಾರದವನಿಗೂ ಬಾಗಿಲಲ್ಲಿ ನಿಂತವನ ಮುಖ ನೋಡಿದರೆ ಬೋರ್ಡು ಅರ್ಥ ಆಗುತ್ತಿತ್ತು.

ಆಗ ದಾವಣಗೆರೆ ಮೈಸೂರು ಸಂಸ್ಥಾನದಲ್ಲಿ, ನಮ್ಮ ಹರಪನಹಳ್ಳಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರುವ ತನಕ ನಮ್ಮ ಹಿರಿಯರು ದಾವಣಗೆರೆಗೆ ಹೋದರು ಅಂದರೆ ಸರ್ಕಾರ ದಾಟಿ ಹೋದರು ಅಂತ ಅರ್ಥ. ಆದರೂ ಹೋದರು. ಹತ್ತಿ ಅಲ್ಲಿಗೆ ಹೋಗುತ್ತಿತ್ತು, ಹತ್ತಿಯ ಹಿಂದೆ ಮನುಷ್ಯರೂ ಹೋದರು. 1936ರಲ್ಲಿ ದಾವಣಗೆರೆ ಕಾಟನ್ ಮಿಲ್ ಬಂತು, ಮುಂದೆ ಇನ್ನಷ್ಟು ಮಿಲ್ಲುಗಳು ಎದ್ದವು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುವ ಹೆಸರು ಬಿತ್ತು.

ಬೆಣ್ಣೆ ದೋಸೆಯ ಕತೆಯೂ ಇದೇ ಕಾಲದ್ದು. ದಾವಣಗೆರೆಯಲ್ಲಿ ಹೇಳಿಕೊಂಡು ಬಂದಿರುವ ಪ್ರಕಾರ 1928ರ ಹೊತ್ತಿಗೆ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ಹೆಣ್ಣುಮಗಳು ನಾಟಕದ ಥಿಯೇಟರ್ ಹತ್ತಿರ ರಾಗಿ ದೋಸೆ ಸುಟ್ಟು ಮಾರಲು ಶುರುಮಾಡಿದಳು. ಮುಂದೆ ಆಕೆಯ ಮಕ್ಕಳ ಕೈಯಲ್ಲಿ ಅದು ಅಕ್ಕಿ, ಉದ್ದು, ಮಂಡಕ್ಕಿ ಹಾಕಿ ರುಬ್ಬಿದ ಹಿಟ್ಟಿನ ದೋಸೆ ಆಯಿತು, ಮೇಲೆ ಬೆಣ್ಣೆ ಬಿತ್ತು. ಈ ಕತೆಯಲ್ಲಿ ನನಗೆ ಮುಖ್ಯ ಅನಿಸುವುದು ಬೆಣ್ಣೆ ಅಲ್ಲ. ಇದು ಉಡುಪಿಯ ಮಡಿ ಅಡುಗೆಮನೆಯಿಂದ ಬಂದ ತಿಂಡಿ ಅಲ್ಲ ಅನ್ನುವುದು. ಹೊಟ್ಟೆಪಾಡಿಗೆ ಬೀದಿಯಲ್ಲಿ ಒಲೆ ಹೂಡಿದ ತಾಯಿಯೊಬ್ಬಳ ತಿಂಡಿ ಇದು. ನಾಟಕ ನೋಡಿ ಬಂದವನಿಗೆ, ಪಾಳಿ ಮುಗಿಸಿ ಬಂದ ಕೂಲಿಗೆ, ಗಾಡಿ ಹೊಡೆದುಕೊಂಡು ಬಂದ ರೈತನಿಗೆ ಹಂಚಿನ ಮೇಲಿಂದ ನೇರ ತಟ್ಟೆಗೆ. ಹಸಿದು ನಿಂತ ಗುಂಪಿನಲ್ಲಿ ನಿನ್ನದು ಯಾವ ಓಣಿ ಅಂತ ಕೇಳುವಷ್ಟು ಪುರುಸೊತ್ತು ಯಾರಿಗಿರುತ್ತದೆ?

ಪುರುಸೊತ್ತು ಇಲ್ಲದ್ದೇ ಎಲ್ಲವನ್ನೂ ಸರಿಮಾಡಿತು ಅಂದರೆ ಸುಳ್ಳಾಗುತ್ತದೆ. ಕಾನೂನು ಬೇಕಾಯಿತು. 1934ರ ಹರಿಜನ ಪ್ರವಾಸದಲ್ಲಿ ಗಾಂಧೀಜಿ ದಾವಣಗೆರೆಗೆ ಬಂದು ಹೋದರು, ಜನ ಕೈ ಮುಗಿದರು, ಹೋಟೆಲ್ ಬಾಗಿಲು ಅಷ್ಟು ಸುಲಭಕ್ಕೆ ತೆರೆಯಲಿಲ್ಲ. 1950ರ ಜನವರಿ 26ಕ್ಕೆ ಜಾರಿಯಾದ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. 15ನೇ ವಿಧಿಯನ್ನು ಬಿಡಿಸಿ ಓದಿದವರು ಕಡಿಮೆ. ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲು ಅಂತ ಹೆಸರು ಹಿಡಿದೇ ಅದರಲ್ಲಿ ಬರೆದಿದೆ. ಒಂದು ದೇಶದ ಸಂವಿಧಾನ ಚಾ ಅಂಗಡಿಯನ್ನೂ ನೆನಪಿಟ್ಟುಕೊಂಡು ಬರೆಯಬೇಕಾಯಿತು ಅಂದರೆ ಅಲ್ಲಿ ಎಂಥ ಅವಮಾನ ನಡೆಯುತ್ತಿತ್ತು ಅಂತ ಲೆಕ್ಕ ಹಾಕಿ. 1955ರಲ್ಲಿ ಅದಕ್ಕೆ ಶಿಕ್ಷೆ ವಿಧಿಸುವ ಕಾಯ್ದೆ ಬಂತು. ಅಮೆರಿಕದ ಗ್ರೀನ್ಸ್‌ಬರೊ ಊರಿನಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗಷ್ಟೇ ಬಡಿಸುವ ಕೌಂಟರ್ ಮುಂದೆ ಕಾಫಿ ಕೇಳಿ ಏಳದೆ ಕೂತದ್ದು 1960ರ ಫೆಬ್ರವರಿ 1ರಂದು, ಅಲ್ಲಿ ಕಾನೂನು ಆದದ್ದು 1964ರಲ್ಲಿ. ಬರಹದಲ್ಲಿ ನಾವು ಮುಂದಿದ್ದೆವು. ಬಾಗಿಲಲ್ಲಿ ಮುಂದಿದ್ದೆವು ಅನ್ನುವ ಧೈರ್ಯ ನನಗಿಲ್ಲ.

ಯಾಕೆಂದರೆ ಆಮೇಲೂ ಹಳ್ಳಿಗಳ ಹೋಟೆಲ್ ಪ್ರವೇಶಕ್ಕೆ ಹೋರಾಟವೇ ನಡೆಯಬೇಕಾಯಿತು. 1970ರ ದಶಕದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿ ಇದನ್ನು ಕೈಗೆತ್ತಿಕೊಂಡಿತು. ಅದನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ನಮ್ಮ ಪಕ್ಕದ ಹರಿಹರದಲ್ಲಿ ಹುಟ್ಟಿದವರು.

ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಒಂದು ಹಳ್ಳಿಯಿಂದ ಐದು ಹುಡುಗರು ದಾವಣಗೆರೆ ಆಸ್ಪತ್ರೆಗೆ ರಕ್ತ ಕೊಡಲು ಹೊರಟರು. ಬೈಕ್ ಅಪಘಾತದಲ್ಲಿ ಪೆಟ್ಟಾದವನಿಗೆ ತುರ್ತಾಗಿ ಬೇಕಿತ್ತು. ಸುದ್ದಿ ಮಾಡೋಣ ಅಂತ ನಾನೂ ಹೋದೆ. ಹುಡುಗರಲ್ಲಿ ಒಬ್ಬ ಗೌಡರ ಮನೆಯವನು, ಇಬ್ಬರು ನಾಯಕರು, ಒಬ್ಬ ಸಾಬರ ಹುಡುಗ, ಒಬ್ಬ ಲಂಬಾಣಿ ತಾಂಡಾದವನು. ಪೆಟ್ಟಾದವನು ದಲಿತರ ಹುಡುಗ. ಅವನ ತಾತ ಆಸ್ಪತ್ರೆ ವರಾಂಡದಲ್ಲಿ ಕೂತಿದ್ದ. ಎಲ್ಲ ಮುಗಿದ ಮೇಲೆ ತಾತ ಎದ್ದು ನಿಂತು, "ಎಲ್ಲಾರೂ ದೋಸಿ ತಿನ್ನಾಕ್ ಬರ್ಬೇಕು, ರೊಕ್ಕ ನಂದು" ಅಂದ. "ಬ್ಯಾಡ ತಾತ, ಖರ್ಚಿಗೆ ಇಟ್ಕಾ" ಅಂದರೂ ಕೇಳಲಿಲ್ಲ.

ಹೋಟೆಲಿನಲ್ಲಿ ಏಳು ಜನ ಒಂದೇ ಟೇಬಲ್‌ಗೆ ಒತ್ತಿಕೊಂಡು ಕೂತೆವು. ತಾತ ಕೂರದೆ ಗೋಡೆ ಹಿಡಿದು ನಿಂತಿದ್ದ. ಸಪ್ಲೈಯರ್ ಹುಡುಗ ಬಂದು, "ಯಜಮಾನ್ರೇ, ಕುಂದರ್ರಿ, ಏನ್ ಕೊಡ್ಲಿ?" ಅಂತ ನೇರ ತಾತನನ್ನೇ ಕೇಳಿದ. ತಾತ ಹಿಂದೆ ಯಾರಾದರೂ ಇದ್ದಾರಾ ಅಂತ ತಿರುಗಿ ನೋಡಿದ. ಯಜಮಾನ್ರು ತಾನೇ ಅಂತ ಗೊತ್ತಾದ ಮೇಲೆ ಕೂತ.

ಬೆಣ್ಣೆ ದೋಸೆ ಹೋಟೆಲಿನ ಒಂದು ಗುಣ ನಿಮಗೆ ಗೊತ್ತೇ ಇದೆ. ಏಳು ಹೇಳಿದರೆ ಏಳೂ ಒಟ್ಟಿಗೆ ಬರುವುದಿಲ್ಲ. ಮೊದಲು ಎರಡು ಬರುತ್ತವೆ, ಹಂಚು ಖಾಲಿಯಾದ ಹಾಗೆ ಇನ್ನೆರಡು. ಆರಿದರೆ ಅದರ ಕತೆ ಮುಗಿಯಿತು. ಹಾಗಾಗಿ ಯಾರ ಮುಂದೆ ಬಂದರೂ ಅದು ಎಲ್ಲರದು. ಮೊದಲ ತಟ್ಟೆ ಬಂದದ್ದು ತಾತನ ಮುಂದೆ. ಆತ ಅದನ್ನು ಗೌಡರ ಹುಡುಗನ ಕಡೆ ತಳ್ಳಿ, "ನೀವ್ ತಗಳ್ರಿ ಗೌಡ್ರ" ಅಂದ. ಇಪ್ಪತ್ತೆರಡು ವರ್ಷದ ಹುಡುಗನಿಗೆ ಎಪ್ಪತ್ತು ದಾಟಿದವನ ಬಹುವಚನ. ಹುಡುಗ ತಟ್ಟೆಯನ್ನು ಟೇಬಲ್ ಮಧ್ಯಕ್ಕೆ ಎಳೆದು, ಒಂದು ತುದಿ ಮುರಿದು ಆಲೂಗಡ್ಡೆ ಪಲ್ಯಕ್ಕೆ ಅದ್ದಿ ಬಾಯಿಗೆ ಹಾಕಿಕೊಂಡ. "ಬಿಸಿ ಐತಿ ತಾತ, ತಿನ್ನು" ಅಂದ. ಐದು ಕೈ ಒಟ್ಟಿಗೆ ಬಿದ್ದವು. ತಾತನ ಕೈ ಸ್ವಲ್ಪ ತಡವಾಗಿ ಬಂತು, ಬಂತು.

ಎಷ್ಟು ದೋಸೆ ತಿಂದೆವೋ ಲೆಕ್ಕ ಸಿಗಲಿಲ್ಲ, ಸಪ್ಲೈಯರ್‌ಗೆ ಮಾತ್ರ ಸರಿಯಾಗಿ ಸಿಕ್ಕಿತ್ತು. ತಾತ ಅಂಗಿ ಒಳಗಿನ ಜೇಬಿನಿಂದ ಮಡಚಿದ ನೋಟು ತೆಗೆದು ಎಣಿಸಿ ಕೊಟ್ಟ. ಹೊರಗೆ ಬಂದ ಮೇಲೆ ನನ್ನ ಹತ್ತಿರ ಒಂದೇ ಮಾತು ಹೇಳಿದ: "ನನ್ನ ಮನ್ಯಾಗ ಇವ್ರು ಉಣ್ಣಾಂಗಿಲ್ಲ. ನನ್ನ ರೊಕ್ಕದಾಗಾದ್ರೂ ಉಂಡ್ರಲ್ಲ." ರಕ್ತದಾನದ ಸುದ್ದಿ ನಾಲ್ಕು ಸಾಲು ಬಂತು. ಈ ಮಾತು ಅದರಲ್ಲಿ ಇರಲಿಲ್ಲ, ನಾನೇ ಬರೆದಿರಲಿಲ್ಲ. ಸುದ್ದಿಯ ಅಳತೆಗೆ ಅದು ಕೂರುತ್ತಿರಲಿಲ್ಲ.

ಪಟ್ಟಣದ ಹೋಟೆಲು ಕೊಟ್ಟದ್ದು ಬರೀ ಕೂರುವ ಜಾಗ ಅಂತ ನಾನು ಅಂದುಕೊಂಡಿದ್ದೆ. ತಾತನಿಗೆ ಅದು ಕೊಟ್ಟದ್ದು ಬಡಿಸುವವನ ಜಾಗ. ಊರಿನಲ್ಲಿ ಆತ ಮದುವೆಗೆ ಕರೆದರೆ ಮೇಲಿನ ಓಣಿಯವರು ಬಂದು, ಮುಯ್ಯಿ ಕೊಟ್ಟು, ಬಾಟಲಿ ನೀರು ಕುಡಿದು ಹೋಗುತ್ತಾರೆ. ಊಟಕ್ಕೆ ಬಸ್ಸಿನ ಟೈಮ್ ಆಗಿಬಿಡುತ್ತದೆ. ಇದನ್ನು ತಡೆಯುವ ಕಾನೂನು ಬರೆಯಲು ಬರುವುದಿಲ್ಲ. ಹೋಟೆಲಿಗೆ ಬಿಡಲಿಲ್ಲ ಅಂತ ಕೇಸು ಹಾಕಬಹುದು, ನಮ್ಮ ಮನೆಗೆ ಉಣ್ಣಲು ಬರಲಿಲ್ಲ ಅಂತ ಯಾವ ಠಾಣೆಗೆ ಹೋಗುವುದು?

ಲೋಟದ ಕತೆ ಇನ್ನೊಂದಿದೆ. ಕನ್ನಡ ನಾಡಿನ ಹೋಟೆಲುಗಳಲ್ಲಿ 'ಬೈಟು' ಅನ್ನುವುದು ಗೆಳೆತನದ ಗುರುತು. ಒಂದು ಕಾಫಿ, ಎರಡು ಲೋಟ, ಯಾರಿಗೆ ಜಾಸ್ತಿ ಬಂತು ಅನ್ನುವ ತಮಾಷೆ. ಹಳ್ಳಿ ಹೋಟೆಲುಗಳಲ್ಲೂ ಎರಡು ಲೋಟ ಇತ್ತು. ಒಂದು ಒಳಗಿನ ಟೇಬಲ್ ಮೇಲಿನದು, ಇನ್ನೊಂದು ಹೊರಗೆ ಮಾಡಿನ ಕೆಳಗೆ ಸಿಕ್ಕಿಸಿದ್ದು, ಕುಡಿದವನೇ ತೊಳೆದು ಇಡಬೇಕಾದದ್ದು. ಕೆಲವು ಕಡೆ ಲೋಟವೂ ಇಲ್ಲ, ತೆಂಗಿನ ಚಿಪ್ಪು. ನಾನು ಮಾತಾಡಿಸಿದ ಹಿರಿಯರಲ್ಲಿ ಚಿಪ್ಪಿನಲ್ಲಿ ಚಾ ಕುಡಿದವರು ಇನ್ನೂ ಇದ್ದಾರೆ. ಅವರು ಅದನ್ನು ಸಿಟ್ಟಿನಿಂದ ಹೇಳುವುದಿಲ್ಲ, ಮಳೆ ಬಂದಿತ್ತು ಅನ್ನುವ ಹಾಗೆ ಹೇಳುತ್ತಾರೆ.

ಈಗ ಆ ಎರಡು ಲೋಟ ಎಲ್ಲಿ ಅಂತ ಕೇಳಿದರೆ, ಇಲ್ಲ ಅನ್ನುತ್ತಾರೆ. ನಿಜ, ಇಲ್ಲ. ನಮ್ಮ ಸುತ್ತಿನ ಬಹಳಷ್ಟು ಚಾ ಅಂಗಡಿಗಳಲ್ಲಿ ಎಲ್ಲರಿಗೂ ಪೇಪರ್ ಲೋಟ ಬಂದಿದೆ. ಯಾರು ಯಾವ ಲೋಟದಲ್ಲಿ ಕುಡಿಯಬೇಕು ಅನ್ನುವ ಜಗಳವನ್ನು ಯಾರೂ ಕೂತು ಬಗೆಹರಿಸಲಿಲ್ಲ, ಲೋಟವನ್ನೇ ತಿಪ್ಪೆಗೆ ಎಸೆದೆವು. ಈಗ ನೋಡಬೇಕಾದದ್ದು ಲೋಟ ಅಲ್ಲ, ಬೆಂಚು. ಕೆಲವು ಊರುಗಳಲ್ಲಿ ಬೆಳಗ್ಗೆ ಆರಕ್ಕೆ ಹೋಗಿ ನಿಂತು ನೋಡಿದ್ದೇನೆ. ಚಾ ಒಂದೇ, ಪೇಪರ್ ಲೋಟ ಒಂದೇ. ಒಂದಷ್ಟು ಜನ ಒಳಗೆ ಬೆಂಚಿನ ಮೇಲೆ ಪೇಪರ್ ಓದುತ್ತ ಕುಡಿಯುತ್ತಾರೆ. ಇನ್ನೊಂದಷ್ಟು ಜನ ಲೋಟ ಹಿಡಿದು ರಸ್ತೆ ದಾಟಿ ಎದುರಿನ ಕಟ್ಟೆಗೆ ಹೋಗುತ್ತಾರೆ. ಹೋಗು ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಬೆಂಚಿನಲ್ಲಿ ಜಾಗ ಖಾಲಿ ಇರುತ್ತದೆ.