ಸರಾಸರಿ ಸುರಕ್ಷತೆ ಮತ್ತು ವಿನ್ಯಾಸದೋಷ: ಟೆಂಪಿ ಅಪಘಾತದ ತನಿಖಾ ವರದಿಯ ಹಿನ್ನೆಲೆಯಲ್ಲಿ

ಚಾಲಕರಹಿತ ಕಾರುಗಳು ಬಂದಂತೆ ಅಪಘಾತದ ಹೊಣೆ ಚಾಲಕನಿಂದ ತಯಾರಕನ ಕಡೆಗೆ ಸರಿಯುತ್ತದೆ ಎಂಬ ಬಗ್ಗೆ ಅಮೆರಿಕದ ಕಾನೂನು ವಿದ್ವಾಂಸರಲ್ಲಿ ಈಗ ಹೆಚ್ಚಿನ ತಕರಾರಿಲ್ಲ. ದೋಷದ ಪ್ರಶ್ನೆಯನ್ನೇ ಕೈಬಿಟ್ಟು ತಯಾರಕರೇ ಪರಿಹಾರ ಕೊಡುವ ಹೊಸ ವ್ಯವಸ್ಥೆಯನ್ನು ಕೆನೆತ್ ಅಬ್ರಹಾಂ ಮತ್ತು ರಾಬರ್ಟ್ ರೇಬಿನ್ 2019ರಲ್ಲಿ ಸೂಚಿಸಿದರು. ಇರುವ ಉತ್ಪನ್ನ ಹೊಣೆಗಾರಿಕೆ ಕಾನೂನೇ ಸಾಕೆಂಬುದು 2017ರಲ್ಲಿ ಮಾರ್ಕ್ ಗೈಸ್ಟ್‌ಫೆಲ್ಡ್ ಮಂಡಿಸಿದ ವಾದ. ಅದರ ಒಂದು ಎಳೆಯನ್ನಷ್ಟೇ ಇಲ್ಲಿ ಪರಿಶೀಲಿಸುತ್ತೇನೆ. ಮಾರಾಟಕ್ಕೆ ಮುನ್ನ ನಡೆದ ಪರೀಕ್ಷೆಯಲ್ಲಿ ಇಂಥ ಕಾರುಗಳು ಒಟ್ಟಾರೆಯಾಗಿ ಸಾಮಾನ್ಯ ಕಾರುಗಳಿಗಿಂತ ಕನಿಷ್ಠ ಎರಡು ಪಟ್ಟು ಸುರಕ್ಷಿತವೆಂದು ಕಂಡುಬಂದರೆ, ಅವುಗಳ ವಿನ್ಯಾಸವನ್ನು ನ್ಯಾಯಾಲಯ ನಿರ್ದೋಷವೆಂದು ಒಪ್ಪಬೇಕು ಎನ್ನುತ್ತಾರೆ ಅವರು. ಎಲ್ಲ ಕಾರುಗಳನ್ನೂ ಓಡಿಸುವುದು ಒಂದೇ ತಂತ್ರಾಂಶವಾದ್ದರಿಂದ ಒಟ್ಟು ಸಾಧನೆಯೇ ಅಳತೆಗೋಲು ಎಂಬುದು ಇದರ ತಳಹದಿ.

ಇದಕ್ಕೆ ಎದುರಾಗಿ ನಿಲ್ಲುವ ಸಾಕ್ಷ್ಯ ಅರಿಜೋನಾದ ಟೆಂಪಿಯದು. 2018ರ ಮಾರ್ಚ್ 18ರ ರಾತ್ರಿ ಊಬರ್‌ನ ಪರೀಕ್ಷಾ ಕಾರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಡಿಕ್ಕಿ ಹೊಡೆಯಿತು, ಆಕೆ ತೀರಿಕೊಂಡರು. ಡಿಕ್ಕಿಗೆ 5.6 ಸೆಕೆಂಡು ಮೊದಲೇ ಯಂತ್ರ ಆಕೆಯನ್ನು ಗುರುತಿಸಿತ್ತೆಂದು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಹೇಳುತ್ತದೆ. ಆದರೆ ಒಮ್ಮೆ ವಾಹನ, ಒಮ್ಮೆ ಬೇರೇನೋ ವಸ್ತು, ಇನ್ನೊಮ್ಮೆ ಸೈಕಲ್ ಎಂದು ಅದು ಎಣಿಸುತ್ತಾ ಹೋಯಿತು. ಎಣಿಕೆ ಬದಲಾದಾಗಲೆಲ್ಲ ಹಿಂದಿನ ಚಲನೆಯ ದಾಖಲೆಯನ್ನು ಲೆಕ್ಕದಿಂದ ಬಿಟ್ಟಿತು. ಪಾದಚಾರಿಯೊಬ್ಬರು ಜೀಬ್ರಾ ಪಟ್ಟೆ ಇಲ್ಲದ ಕಡೆ ರಸ್ತೆ ದಾಟಬಹುದು ಎಂಬ ಸಾಧ್ಯತೆಗೆ ಆ ವಿನ್ಯಾಸದಲ್ಲಿ ಜಾಗವೇ ಇರಲಿಲ್ಲ. ಆ ಕಾರನ್ನು ತಯಾರಿಸಿದ ವೋಲ್ವೋ ಕಂಪನಿ ಅಳವಡಿಸಿದ್ದ ತುರ್ತು ಬ್ರೇಕ್ ವ್ಯವಸ್ಥೆಯೂ ಸ್ವಯಂಚಾಲನೆಯ ವೇಳೆ ಕೆಲಸ ಮಾಡದಂತೆ ಮಾಡಲಾಗಿತ್ತು.

ತಂತ್ರಾಂಶ ಒಂದೇ ಎಂಬ ಅದೇ ಸಂಗತಿಯಿಂದ ನಾನು ತಲುಪುವ ತೀರ್ಮಾನ ಬೇರೆ. ಅಜಾಗರೂಕ ಚಾಲಕರ ತಪ್ಪುಗಳು ಎಲ್ಲರ ಮೇಲೂ ಚದುರಿ ಬೀಳುತ್ತವೆ. ಟೆಂಪಿಯಂಥ ಲೋಪ ಹಾಗಲ್ಲ: ಪ್ರತಿ ಕಾರಿನಲ್ಲೂ ಒಂದೇ ಬಗೆಯ ಜನರನ್ನು ಅದು ಅಪಾಯಕ್ಕೆ ಒಡ್ಡುತ್ತದೆ. ಕಾರಿನೊಳಗೆ ಕೂತವರಿಗೆ ಸಿಕ್ಕ ಸುರಕ್ಷತೆ ಸರಾಸರಿಯನ್ನು ಏರಿಸಿ, ರಸ್ತೆ ದಾಟುವವರ ಸಾವನ್ನು ಅದರಡಿ ಮುಚ್ಚಿಬಿಡಬಲ್ಲದು. ಆದ್ದರಿಂದ, ಊಹಿಸಬಹುದಾದ ಸನ್ನಿವೇಶವೊಂದಕ್ಕೆ ಕಾರ್ಯಸಾಧ್ಯ ಪರ್ಯಾಯ ವಿನ್ಯಾಸ ಇತ್ತೆಂದು ಸಾಬೀತಾದಲ್ಲಿ ಸರಾಸರಿ ಎಷ್ಟೇ ಉತ್ತಮವಾಗಿದ್ದರೂ ಅದು ತಯಾರಕನಿಗೆ ರಕ್ಷಣೆಯಾಗಬಾರದು. ಉತ್ಪನ್ನ ಹೊಣೆಗಾರಿಕೆ ಕುರಿತ ಅಮೆರಿಕದ ಕಾನೂನು ತತ್ವಗಳ ಸಂಗ್ರಹವಾದ 1998ರ ಮೂರನೇ ರೀಸ್ಟೇಟ್‌ಮೆಂಟ್ ವಿನ್ಯಾಸದೋಷಕ್ಕೆ ಕೇಳುವುದೂ ಇಂಥ ಸಮಂಜಸ ಪರ್ಯಾಯವನ್ನೇ. ಟೆಂಪಿಯಲ್ಲಿ ಅಂಥ ಪರ್ಯಾಯಕ್ಕಾಗಿ ದೂರ ಹುಡುಕಬೇಕಿರಲಿಲ್ಲ. ತಡೆಹಿಡಿದ ಆ ಬ್ರೇಕ್ ಅದೇ ಕಾರಿನಲ್ಲಿತ್ತು.

ಈ ವಾದದ ಮಿತಿಗಳನ್ನು ಹೇಳಲೇಬೇಕು. ಟೆಂಪಿಯದು ಪರೀಕ್ಷಾ ಕಾರು. ಗೈಸ್ಟ್‌ಫೆಲ್ಡ್ ಹೇಳುವುದು ಪರೀಕ್ಷೆ ಮುಗಿಸಿದ ಕಾರುಗಳ ಮಾತು. ಒಳಗೆ ಕೂತು ನಿಗಾ ವಹಿಸಬೇಕಿದ್ದ ಸಿಬ್ಬಂದಿಯ ಗಮನ ಮೊಬೈಲ್ ಮೇಲಿತ್ತು. ಕುಟುಂಬದೊಂದಿಗೆ ಕಂಪನಿ ರಾಜಿ ಮಾಡಿಕೊಂಡದ್ದರಿಂದ ವಿನ್ಯಾಸದೋಷದ ಬಗ್ಗೆ ನ್ಯಾಯಾಲಯದ ತೀರ್ಪೂ ಇಲ್ಲ. ಒಂದೇ ಘಟನೆಯಿಂದ ಸಾಮಾನ್ಯ ನಿಯಮ ಕಟ್ಟುವುದು ದುಡುಕಾದೀತು. ಸರಾಸರಿಗೆ ಬೆಲೆಯೇ ಇಲ್ಲವೆಂದೂ ನಾನು ಹೇಳುತ್ತಿಲ್ಲ. ರಸ್ತೆಗಿಳಿಯಲು ಪರವಾನಗಿ ಕೊಡುವಾಗ ಅದು ಅತ್ಯಗತ್ಯ. ಬ್ರಿಟನ್ನಿನ 2024ರ ಸ್ವಯಂಚಾಲಿತ ವಾಹನ ಕಾಯ್ದೆ ಎಚ್ಚರದ, ನುರಿತ ಚಾಲಕನಿಗೆ ಸರಿಸಮನಾದ ಅಥವಾ ಅದಕ್ಕೂ ಮಿಗಿಲಾದ ಸುರಕ್ಷತೆಯನ್ನು ಬಯಸುವುದು ಈ ಹಂತದಲ್ಲೇ. ಪರವಾನಗಿಯ ಮಾನದಂಡವನ್ನು ಪರಿಹಾರದ ಮಾನದಂಡವನ್ನಾಗಿಸುವುದಕ್ಕೆ ಮಾತ್ರ ನನ್ನ ಆಕ್ಷೇಪ.

ಒಂದು ತೊಡಕು ಬಗೆಹರಿದಿಲ್ಲ. ಅಪಘಾತದ ನಂತರ ತಂತ್ರಾಂಶವನ್ನು ತಿದ್ದಿದರೆ, ಆ ತಿದ್ದುಪಡಿಯೇ ಪರ್ಯಾಯ ವಿನ್ಯಾಸದ ಅತ್ಯಂತ ನೇರ ಪುರಾವೆ. ಆದರೆ ಅಮೆರಿಕದ ಫೆಡರಲ್ ಸಾಕ್ಷ್ಯ ನಿಯಮ 407 ನಂತರದ ಸುಧಾರಣೆಯನ್ನು ದೋಷದ ಸಾಕ್ಷ್ಯವಾಗಿ ಒಪ್ಪುವುದಿಲ್ಲ. ಪರ್ಯಾಯ ಸಾಧ್ಯವೇ ಇರಲಿಲ್ಲವೆಂದು ತಯಾರಕ ವಾದಿಸಿದಾಗ ಅದಕ್ಕೆ ಬಾಗಿಲು ತೆರೆಯಬಹುದು. ಮತ್ತೆ ಮತ್ತೆ ಪರಿಷ್ಕರಣೆಗೊಳ್ಳುವ ಉತ್ಪನ್ನಕ್ಕೆ ಈ ನಿಯಮವನ್ನು ಎಷ್ಟರ ಮಟ್ಟಿಗೆ ಅನ್ವಯಿಸಬೇಕೆಂಬುದು ಪ್ರತ್ಯೇಕ ಅಧ್ಯಯನಕ್ಕೆ ತಕ್ಕ ಪ್ರಶ್ನೆ.