ಪೇತ್ರ, ಪೌಲ, ಯಾಕೋಬ: ಸೇವೆ ಬೇರೆ ಬೇರೆ, ಶುಭಸಂದೇಶ ಒಂದೇ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆ ರಚನೆಯಾದಾಗ ಅದರಲ್ಲಿದ್ದದ್ದು ಈ ನಾಲ್ಕು ತಾಲೂಕುಗಳು. ಕುಕನೂರು, ಕನಕಗಿರಿ, ಕಾರಟಗಿ ಆಮೇಲೆ ಹೊಸ ತಾಲೂಕುಗಳಾದವು. ಕಥೋಲಿಕ ಧರ್ಮಸಭೆಯ ಆಡಳಿತದಲ್ಲಿ ಈ ಪ್ರದೇಶ ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದೆ. ಕುಷ್ಟಗಿಯ ನೆರೆಯ ಲಿಂಗಸುಗೂರು ತಾಲೂಕಿನ ಮುದಗಲ್‌ನಲ್ಲಿ ಬಿಜಾಪುರದ ಆದಿಲ್‌ಶಾಹಿಗಳ ಕಾಲದಿಂದಲೂ ಕಥೋಲಿಕ ಸಮುದಾಯವಿದೆ. ಆದರೂ ನಮ್ಮ ಕರಾವಳಿಗೆ ಹೋಲಿಸಿದರೆ ಆ ಸೀಮೆಯಲ್ಲಿ ಕ್ರೈಸ್ತರ ಸಂಖ್ಯೆ ತೀರಾ ಕಡಿಮೆ. ಕರಾವಳಿಯಿಂದ ಉತ್ತರ ಕರ್ನಾಟಕಕ್ಕೆ ಸೇವೆಗೆ ತೆರಳಿದ ಧರ್ಮಗುರುಗಳು ಮತ್ತು ಧರ್ಮಭಗಿನಿಯರು, ಅಲ್ಲಿಯ ಉಪದೇಶಿಗಳೊಡನೆ ದುಡಿಯುವುದು ಇಂಥ ಚಿಕ್ಕ ಚಿಕ್ಕ ಸಮುದಾಯಗಳ ನಡುವೆ.

ಚಿಕ್ಕ ಸಮುದಾಯಗಳಲ್ಲಿ ಬೈಬಲ್ ಅಧ್ಯಯನಕ್ಕೆ ಕುಳಿತವರು ಬೇಗನೆ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ವಿಶ್ವಾಸದಿಂದಲೇ ಮಾನವ ಸತ್ಸಂಬಂಧಿಯಾಗುತ್ತಾನೆ ಎಂದು ಪೌಲರು ಬರೆಯುತ್ತಾರೆ. ಸತ್ಕಾರ್ಯವಿಲ್ಲದ ವಿಶ್ವಾಸ ಸತ್ತದ್ದು ಎಂದು ಯಾಕೋಬರು ಬರೆಯುತ್ತಾರೆ. ಅಂತಿಯೋಕ್ಯದಲ್ಲಿ ಪೌಲರು ಪೇತ್ರರನ್ನು ಎಲ್ಲರೆದುರೇ ಖಂಡಿಸುತ್ತಾರೆ. ಹಾಗಾದರೆ ಪ್ರೇಷಿತರು ಬೋಧಿಸಿದ್ದು ಎರಡು ಮೂರು ಬಗೆಯ ಧರ್ಮವನ್ನೇ? ನಾವು ಯಾರ ಮಾತನ್ನು ಕೇಳಬೇಕು? ಬೇರೆ ಬೇರೆ ಸಭೆಗಳ ಬೋಧಕರು ಒಂದೇ ಓಣಿಗೆ ಬಂದು ಹೋಗುವ ಊರುಗಳಲ್ಲಿ ಈ ಪ್ರಶ್ನೆಗೆ ಉತ್ತರ ಕೊಡದೆ ಮುಂದಕ್ಕೆ ಸಾಗುವಂತಿಲ್ಲ. ಧರ್ಮಕೇಂದ್ರಗಳ ಕಾರ್ಯಕರ್ತರಿಗೂ ಓದುಗರಿಗೂ ಅನುಕೂಲವಾಗಲೆಂದು ಮುಖ್ಯ ಪ್ರೇಷಿತರ ಬೋಧನೆ ಹಾಗೂ ಸೇವೆಯನ್ನು ಇಲ್ಲಿ ಹೋಲಿಸಿ ಕೊಡಲಾಗಿದೆ.

ಪ್ರೇಷಿತ ಎಂದರೆ ಯಾರು?

ಕಥೋಲಿಕರ ಕನ್ನಡ ಬೈಬಲ್‌ನಲ್ಲಿ 'ಪ್ರೇಷಿತರು' ಎಂದಿರುವವರನ್ನೇ ಪ್ರೊಟೆಸ್ಟೆಂಟ್ ಸಹೋದರರು ಬಳಸುವ ಸತ್ಯವೇದದಲ್ಲಿ 'ಅಪೊಸ್ತಲರು' ಎನ್ನಲಾಗಿದೆ. ಅಪೊಸ್ತಲ ಎಂಬುದು ಗ್ರೀಕ್ ಮೂಲದ ಪದ. ಕಳುಹಿಸಲ್ಪಟ್ಟವನು ಎಂಬುದೇ ಎರಡರ ಅರ್ಥ. ಹಾಗೆಯೇ ನಾವು ಶುಭಸಂದೇಶ ಎನ್ನುವುದನ್ನು ಅವರು ಸುವಾರ್ತೆ ಎನ್ನುತ್ತಾರೆ. ನಮ್ಮ ಯೊವಾನ್ನ ಅವರಿಗೆ ಯೋಹಾನ. ಪದ ಬೇರೆಯಾದ ಮಾತ್ರಕ್ಕೆ ವ್ಯಕ್ತಿ ಬೇರೆಯಾಗುವುದಿಲ್ಲ. ಮಿಶ್ರ ಕೂಟಗಳಲ್ಲಿ ಬೈಬಲ್ ಓದುವಾಗ ಈ ಮಾತನ್ನು ಮೊದಲೇ ತಿಳಿಸಿದರೆ ಅರ್ಧ ಗೊಂದಲ ಕಳೆಯುತ್ತದೆ.

ಸಂತ ಪೇತ್ರರು

ಮೂಲ ಹೆಸರು ಸಿಮೋನ. ಬೆತ್ಸಾಯಿದ ಊರಿನವರು, ಮೀನುಗಾರರು, ವಿವಾಹಿತರು. ಯೇಸುಸ್ವಾಮಿಯ ಜೊತೆಗಿದ್ದು ಕಂಡು ಕೇಳಿದವರು. ಮೂರು ಬಾರಿ ಅವರನ್ನು ನಿರಾಕರಿಸಿ ಕ್ಷಮೆ ಪಡೆದವರು. ಪಂಚಾಶತ್ತಮ ಹಬ್ಬದಂದು ಅವರ ಬೋಧನೆಯನ್ನು ಕೇಳಿ ಸುಮಾರು 3000 ಮಂದಿ ದೀಕ್ಷಾಸ್ನಾನ ಪಡೆದರೆಂದು ಪ್ರೇಷಿತರ ಕಾರ್ಯಕಲಾಪಗಳು ಹೇಳುತ್ತದೆ (2:41). ದೇವರು ವಾಗ್ದಾನ ಮಾಡಿದ್ದನ್ನು ಕ್ರಿಸ್ತರಲ್ಲಿ ನೆರವೇರಿಸಿದ್ದಾರೆ ಎಂಬುದು ಅವರ ಬೋಧನೆಯ ತಿರುಳು. ಸಮುದಾಯವನ್ನು ಒಟ್ಟಾಗಿ ಹಿಡಿದಿಡುವುದು, ವಿಶ್ವಾಸದಲ್ಲಿ ಸಹೋದರರನ್ನು ದೃಢಪಡಿಸುವುದು ಅವರಿಗೆ ಒಪ್ಪಿಸಲಾದ ಹೊಣೆ. ಪೌಲರಿಗಿಂತ ಮೊದಲೇ ಯೆಹೂದ್ಯೇತರರ ಮನೆಯ ಹೊಸ್ತಿಲು ದಾಟಿದವರೂ ಪೇತ್ರರೇ. ಸೆಜರೇಯದಲ್ಲಿ ರೋಮನ್ ಶತಾಧಿಪತಿ ಕೊರ್ನೇಲಿಯನ ಮನೆಯವರಿಗೆ ದೀಕ್ಷಾಸ್ನಾನ ಕೊಡಲು ಅವರು ಆಜ್ಞೆ ಮಾಡಿದರು (ಪ್ರೇ.ಕಾ. 10).

ಸಂತ ಪೌಲರು

ತಾರ್ಸ ಪಟ್ಟಣದವರು, ರೋಮನ್ ಪೌರತ್ವ ಉಳ್ಳವರು, ಫರಿಸಾಯರು, ಗಮಲಿಯೇಲರ ಬಳಿ ಧರ್ಮಶಾಸ್ತ್ರ ಕಲಿತವರು. ಯೇಸುಸ್ವಾಮಿ ಗಲಿಲೇಯದಲ್ಲಿ ಸಂಚರಿಸುತ್ತಿದ್ದಾಗ ಅವರ ಶಿಷ್ಯರಾಗಿರಲಿಲ್ಲ. ಧರ್ಮಸಭೆಯನ್ನು ಹಿಂಸಿಸುತ್ತಿದ್ದಾಗ ದಮಸ್ಕಸ್ ದಾರಿಯಲ್ಲಿ ಪುನರುತ್ಥಾನ ಹೊಂದಿದ ಪ್ರಭುವನ್ನು ಕಂಡರು. ಊರಿಂದೂರಿಗೆ ಹೋಗಿ ಸಭೆ ಕಟ್ಟುವುದು, ಸ್ಥಳೀಯರ ಕೈಗೆ ಅದನ್ನು ಒಪ್ಪಿಸುವುದು, ಪತ್ರಗಳ ಮೂಲಕ ತಿದ್ದುವುದು ಅವರ ಕಾರ್ಯವಿಧಾನ. ಹೊಸ ಒಡಂಬಡಿಕೆಯಲ್ಲಿ ಅವರ ಹೆಸರಿನ 13 ಪತ್ರಗಳಿವೆ. ಇವುಗಳಲ್ಲಿ ಏಳನ್ನು ಅವರದೇ ಎಂದು ವಿದ್ವಾಂಸರು ಬಹುತೇಕ ಒಮ್ಮತದಿಂದ ಹೇಳುತ್ತಾರೆ. ಶಿಲುಬೆಗೇರಿದ ಕ್ರಿಸ್ತರು, ದೇವರ ಉಚಿತ ವರಪ್ರಸಾದ, ಹಲವು ಅಂಗಗಳ ಒಂದೇ ದೇಹವಾದ ಧರ್ಮಸಭೆ: ಇವು ಅವರ ಬೋಧನೆಯ ಕಂಬಗಳು.

ಜೀವನೋಪಾಯದಲ್ಲೂ ಇವರಿಬ್ಬರ ದಾರಿ ಬೇರೆ. ಕೇಫ ಅಂದರೆ ಪೇತ್ರರು ಪತ್ನಿಯೊಡನೆ ಸಂಚರಿಸುತ್ತಿದ್ದರು, ಸಭೆಯಿಂದ ಪೋಷಣೆ ಪಡೆಯುವುದು ಪ್ರೇಷಿತರ ಹಕ್ಕು ಎಂದು ಪೌಲರೇ ಬರೆಯುತ್ತಾರೆ (1 ಕೊರಿಂಥ 9). ತಾವು ಮಾತ್ರ ಆ ಹಕ್ಕನ್ನು ಬಿಟ್ಟು ಗುಡಾರ ಮಾಡುವ ಕಸುಬಿನಿಂದ ಬದುಕಿದರು. ಸಂಭಾವನೆ ಪಡೆದು ದುಡಿಯುವ ಉಪದೇಶಿಯೂ ಹೊಲದ ಕೆಲಸ ಮುಗಿಸಿ ಸಂಜೆ ಪ್ರಾರ್ಥನೆ ನಡೆಸುವ ಶ್ರೀಸಾಮಾನ್ಯನೂ ಪ್ರೇಷಿತರ ಹಾದಿಯಲ್ಲೇ ಇದ್ದಾರೆ. ಒಬ್ಬರು ಇನ್ನೊಬ್ಬರನ್ನು ಕಡಿಮೆಯೆಂದು ಎಣಿಸಲು ಕಾರಣವಿಲ್ಲ.

ಸಂತ ಯಾಕೋಬರು

ಈ ಹೆಸರಿನವರು ಒಬ್ಬರಿಗಿಂತ ಹೆಚ್ಚು. ಜೆಬೆದಾಯನ ಮಗ, ಯೊವಾನ್ನರ ಅಣ್ಣ ಯಾಕೋಬರನ್ನು ಅರಸ ಹೆರೋದನು ಸುಮಾರು ಕ್ರಿ.ಶ. 44ರಲ್ಲಿ ಕೊಲ್ಲಿಸಿದನು. ಇಲ್ಲಿ ಹೇಳುತ್ತಿರುವುದು ಪ್ರಭುವಿನ ಸಹೋದರ ಎನಿಸಿಕೊಂಡು ಜೆರುಸಲೇಮಿನ ಸಭೆಯನ್ನು ಮುನ್ನಡೆಸಿದ ಯಾಕೋಬರ ಬಗ್ಗೆ. ಪಾಶ್ಚಾತ್ಯ ಸಂಪ್ರದಾಯ ಇವರನ್ನು ಅಲ್ಫಾಯನ ಮಗ ಯಾಕೋಬರೆಂದೇ ಗೌರವಿಸುತ್ತ ಬಂದಿದೆ. ಇಂದಿನ ವಿದ್ವಾಂಸರಲ್ಲಿ ಅನೇಕರು ಇಬ್ಬರೂ ಬೇರೆಯೆನ್ನುತ್ತಾರೆ. ಯಾಕೋಬರು ಊರು ಬಿಟ್ಟು ಹೋದವರಲ್ಲ. ಯೆಹೂದ್ಯ ಆಚಾರಗಳನ್ನು ಪಾಲಿಸುತ್ತಲೇ ಕ್ರಿಸ್ತರನ್ನು ವಿಶ್ವಾಸಿಸಿದ ಜನರ ನಡುವೆ ನಿಂತರು. ಕ್ರಿ.ಶ. 62ರಲ್ಲಿ ಅವರನ್ನು ಕಲ್ಲೆಸೆದು ಕೊಲ್ಲಲಾಯಿತೆಂದು ಯೆಹೂದ್ಯ ಇತಿಹಾಸಕಾರ ಜೋಸೆಫಸ್ ದಾಖಲಿಸಿದ್ದಾನೆ. ಅವರ ಹೆಸರಿನ ಪತ್ರ ಕೂಲಿಯನ್ನು ತಡೆಹಿಡಿಯುವ ಜಮೀನುದಾರರನ್ನೂ, ಸಭೆಯಲ್ಲಿ ಚಿನ್ನದುಂಗುರದವನಿಗೆ ಒಳ್ಳೆಯ ಆಸನ, ಹರಕು ಬಟ್ಟೆಯವನಿಗೆ ಕಾಲ ಬುಡದ ಜಾಗ ಕೊಡುವವರನ್ನೂ ಕಟುವಾಗಿ ಖಂಡಿಸುತ್ತದೆ.

ವಿಶ್ವಾಸವೋ, ಸತ್ಕಾರ್ಯವೋ?

ಪೌಲರು ರೋಮನರಿಗೆ ಬರೆದ ಪತ್ರದ 3 ಮತ್ತು 4ನೇ ಅಧ್ಯಾಯಗಳನ್ನೂ ಯಾಕೋಬರ ಪತ್ರದ 2ನೇ ಅಧ್ಯಾಯವನ್ನೂ ಪಕ್ಕಪಕ್ಕ ಇಟ್ಟು ಓದಿ. ಇಬ್ಬರೂ ಸಾಕ್ಷಿಗೆ ಕರೆಯುವುದು ಪಿತಾಮಹ ಅಬ್ರಹಾಮನನ್ನೇ. ಸುನ್ನತಿಗೆ ಮುಂಚೆಯೇ ಅಬ್ರಹಾಮನ ವಿಶ್ವಾಸವನ್ನು ದೇವರು ಮೆಚ್ಚಿದರು ಎಂಬುದು ಪೌಲರ ವಾದ. ಮಗ ಇಸಾಕನನ್ನು ಅರ್ಪಿಸಲು ಮುಂದಾದಾಗ ಆ ವಿಶ್ವಾಸ ಪೂರ್ಣವಾಯಿತು ಎಂಬುದು ಯಾಕೋಬರ ವಾದ.

ಇಬ್ಬರ ಎದುರಿಗಿದ್ದ ಜನ ಬೇರೆ. ಸುನ್ನತಿ ಮತ್ತು ಆಚಾರವಿಧಿಗಳಿಲ್ಲದೆ ಉದ್ಧಾರವಿಲ್ಲ ಎನ್ನುವವರಿಗೆ ಪೌಲರು ಉತ್ತರ ಕೊಡುತ್ತಿದ್ದಾರೆ. ಬಾಯಲ್ಲಿ ವಿಶ್ವಾಸ ಹೇಳಿ, ಹಸಿದವನನ್ನು ಬರಿಗೈಯಲ್ಲಿ ಕಳುಹಿಸುವವರಿಗೆ ಯಾಕೋಬರು ಉತ್ತರ ಕೊಡುತ್ತಿದ್ದಾರೆ. ಒಬ್ಬರು ಖಂಡಿಸುವುದು ಆಚಾರದ ಹೆಮ್ಮೆಯನ್ನು, ಇನ್ನೊಬ್ಬರು ಖಂಡಿಸುವುದು ಕರುಣೆಯಿಲ್ಲದ ಭಕ್ತಿಯನ್ನು. ಪ್ರೀತಿಯ ಮೂಲಕ ಕಾರ್ಯಗತವಾಗುವ ವಿಶ್ವಾಸವೇ ಮುಖ್ಯವೆಂದು ಪೌಲರೇ ಗಲಾತ್ಯರಿಗೆ ಬರೆದಿದ್ದಾರೆ (5:6). ಆ ಮಾತನ್ನು ಯಾಕೋಬರು ಸಂತೋಷದಿಂದ ಒಪ್ಪುತ್ತಿದ್ದರು.

ಪಾಶ್ಚಾತ್ಯ ಕ್ರೈಸ್ತರನ್ನು 16ನೇ ಶತಮಾನದಲ್ಲಿ ಒಡೆದದ್ದು ಇದೇ ವಿಷಯ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಧರ್ಮಸಭೆ ಮತ್ತು ಲುಥೆರನ್ ವಿಶ್ವ ಒಕ್ಕೂಟ ಇದರ ಕುರಿತ ಜಂಟಿ ಘೋಷಣೆಗೆ ಸಹಿ ಹಾಕಿದವು. ದೇವರ ಕೃಪೆಯೇ ಮೊದಲು, ಸತ್ಕಾರ್ಯಗಳು ಅದರ ಫಲ ಎಂಬುದು ಅದರ ಸಾರಾಂಶ. 2006ರಲ್ಲಿ ಮೆಥೋಡಿಸ್ಟರೂ 2017ರಲ್ಲಿ ರಿಫಾರ್ಮ್ಡ್ ಸಭೆಗಳ ವಿಶ್ವ ಒಕ್ಕೂಟವೂ ಇದಕ್ಕೆ ಸೇರಿಕೊಂಡವು. ಬೀದರ್ ಸೀಮೆಯ ಮೆಥೋಡಿಸ್ಟರು, ಬಾಸೆಲ್ ಮಿಶನ್ ಪರಂಪರೆಯ ಗದಗ-ಬೆಟಗೇರಿಯ ಕ್ರೈಸ್ತರು ಕೊಪ್ಪಳದವರಿಗೆ ದೂರದವರಲ್ಲ. ಇವರೊಡನೆ ಮಾತನಾಡುವಾಗ ಹಳೆಯ ವಾದವನ್ನೇ ಮತ್ತೆ ಕೆದಕುವ ಅಗತ್ಯವಿಲ್ಲ.

ಜೆರುಸಲೇಮಿನ ತೀರ್ಮಾನ

ಸುಮಾರು ಕ್ರಿ.ಶ. 49ರಲ್ಲಿ ಪ್ರೇಷಿತರೂ ಹಿರಿಯರೂ ಜೆರುಸಲೇಮಿನಲ್ಲಿ ಸೇರಿದರು. ಕ್ರೈಸ್ತನಾಗಬೇಕಾದರೆ ಮೊದಲು ಸುನ್ನತಿ ಮಾಡಿಸಿಕೊಂಡು ಯೆಹೂದ್ಯನಾಗಬೇಕೇ ಎಂಬುದು ಮುಂದಿದ್ದ ಪ್ರಶ್ನೆ. ಪೇತ್ರರು ಕೊರ್ನೇಲಿಯನ ಮನೆಯ ಅನುಭವ ಹೇಳಿದರು. ಪೌಲ ಮತ್ತು ಬಾರ್ನಬರು ತಮ್ಮ ಪ್ರವಾಸದಲ್ಲಿ ದೇವರು ಮಾಡಿದ ಕಾರ್ಯಗಳನ್ನು ವಿವರಿಸಿದರು. ಯಾಕೋಬರು ಪ್ರವಾದಿಗಳ ಗ್ರಂಥದ ಆಧಾರ ಕೊಟ್ಟು ತೀರ್ಮಾನವನ್ನು ಮಂಡಿಸಿದರು (ಪ್ರೇ.ಕಾ. 15). ಅನ್ಯರ ಮೇಲೆ ಸುನ್ನತಿಯ ಹೊರೆ ಹೊರಿಸಬಾರದು. ವಿಗ್ರಹಗಳಿಗೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿದ ಪ್ರಾಣಿಯ ಮಾಂಸ ಮತ್ತು ಅನೈತಿಕತೆಯಿಂದ ಮಾತ್ರ ಅವರು ದೂರವಿರಲಿ ಎಂದಾಯಿತು. ಮೂವರ ದಾರಿ ಬೇರೆ, ಮುಟ್ಟಿದ ಊರು ಒಂದೇ.

ಕ್ಷೇತ್ರಗಳ ಹಂಚಿಕೆಯನ್ನೂ ಅವರು ಒಪ್ಪಿಕೊಂಡರು: ಪೇತ್ರರದು ಯೆಹೂದ್ಯರ ನಡುವೆ, ಪೌಲರದು ಇತರರ ನಡುವೆ. ಯಾಕೋಬ, ಕೇಫ, ಯೊವಾನ್ನರು ಪೌಲರಿಗೂ ಬಾರ್ನಬರಿಗೂ ಬಲಗೈ ನೀಡಿದರು. ಬಡವರನ್ನು ಮರೆಯಬಾರದೆಂಬ ಒಂದೇ ಕೋರಿಕೆ ಇಟ್ಟರು (ಗಲಾತ್ಯ 2:9-10). ಪೌಲರು ಅದನ್ನು ಮರೆಯಲಿಲ್ಲ. ಮಕೆದೋನಿಯ ಮತ್ತು ಗ್ರೀಸ್‌ನ ಸಭೆಗಳಿಂದ ಜೆರುಸಲೇಮಿನ ಬಡವರಿಗಾಗಿ ನಿಧಿ ಕೂಡಿಸಿದರು.

ಅಂತಿಯೋಕ್ಯದ ಪಂಕ್ತಿ

ಕೆಲಸದ ಬಗೆ, ಸ್ವಭಾವ, ಬೋಧನೆಯ ಒತ್ತು, ಇವೆಲ್ಲದರಲ್ಲಿ ಭಿನ್ನವಾಗಿದ್ದ ಪ್ರೇಷಿತರು ಒಬ್ಬರನ್ನೊಬ್ಬರು ಒಪ್ಪಿಕೊಂಡರು. ಹಾಗಾದರೆ ಅಂತಿಯೋಕ್ಯದಲ್ಲಿ ಪೌಲರು ಏಕೆ ಸಹಿಸಲಿಲ್ಲ? ಕಾರಣ ಊಟದ ಪಂಕ್ತಿ. ಅಲ್ಲಿ ಪೇತ್ರರು ಯೆಹೂದ್ಯೇತರ ಕ್ರೈಸ್ತರ ಜೊತೆ ಕುಳಿತು ಊಟ ಮಾಡುತ್ತಿದ್ದರು. ಯಾಕೋಬರ ಕಡೆಯ ಕೆಲವರು ಬಂದಾಗ ಅಂಜಿ ಹಿಂದೆ ಸರಿದರು. ಬಾರ್ನಬರೂ ಹಾಗೆಯೇ ಮಾಡಿದರು (ಗಲಾತ್ಯ 2:11-14). ಪೇತ್ರರು ಬೇರೆ ಬೋಧನೆ ಮಾಡಿರಲಿಲ್ಲ. ಎದ್ದು ಹೋದದ್ದೇ ಬೋಧನೆಯಾಗಿಬಿಟ್ಟಿತ್ತು: ನೀವು ಎರಡನೇ ದರ್ಜೆಯವರು ಎಂದು ಬಾಯಿ ಬಿಡದೆ ಹೇಳಿದಂತಾಗಿತ್ತು. ಒಂದೇ ದೀಕ್ಷಾಸ್ನಾನ ಪಡೆದವರಿಗೆ ಎರಡು ಪಂಕ್ತಿ ಇರಲಾಗದು ಎಂಬುದರಲ್ಲಿ ಪೌಲರು ರಾಜಿಯಾಗಲಿಲ್ಲ.

ಪ್ರೇಷಿತರ ಚರಿತ್ರೆಯಲ್ಲಿ ನಮ್ಮ ನೆಲಕ್ಕೆ ಅತಿ ಹತ್ತಿರವಾದ ಭಾಗ ಇದೇ. ಗಂಗಾವತಿ ತಾಲೂಕಿನ ಮರಕುಂಬಿ ಗ್ರಾಮದಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಇಡಲಾಯಿತು. ಹೋಟೆಲು, ಕ್ಷೌರದಂಗಡಿಗಳಲ್ಲಿ ದಲಿತರಿಗೆ ಪ್ರವೇಶ ನಿರಾಕರಿಸಿದ್ದನ್ನು ಅವರು ಪ್ರಶ್ನಿಸಿದ್ದು ಆ ಹಗೆಯ ಹಿನ್ನೆಲೆ. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 101 ಮಂದಿಯನ್ನು ತಪ್ಪಿತಸ್ಥರೆಂದು ಸಾರಿ, ಅವರಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆ ಬಳಿಕ ಪ್ರಕರಣ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು.

ಇದು ಚರ್ಚಿನೊಳಗೆ ನಡೆದ ಘಟನೆಯಲ್ಲ. ಹಾಗೆಂದು ನಾವು ನಿರಾಳರಾಗುವಂತಿಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರಲ್ಲಿ ಹೊರತಂದ ದಲಿತ ಸಬಲೀಕರಣ ನೀತಿಯಲ್ಲಿ ಜಾತಿ ತಾರತಮ್ಯ ಧರ್ಮಸಭೆಯೊಳಗೂ ಉಳಿದಿದೆ ಎಂದು ಒಪ್ಪಿಕೊಂಡಿದೆ. ಪೀಠದ ಮುಂದೆ ಒಂದೇ ಪರಮಪ್ರಸಾದ ಸ್ವೀಕರಿಸಿ, ಮದುವೆ ಊಟದಲ್ಲೋ ಸ್ಮಶಾನದಲ್ಲೋ ಬೇರೆ ಸಾಲು ಹಿಡಿದರೆ ಅದು ಅಂತಿಯೋಕ್ಯವೇ. ಕರಾವಳಿಯ ನಮಗೂ ಈ ಮಾತು ಅನ್ವಯಿಸುತ್ತದೆ.

ಅಂದು ಪೇತ್ರರು ಏನು ಉತ್ತರಿಸಿದರೆಂದು ಪತ್ರ ಹೇಳುವುದಿಲ್ಲ. ಆದರೆ ಪೇತ್ರರ ಹೆಸರಿನ ಎರಡನೆಯ ಪತ್ರ ಪೌಲರನ್ನು ಪ್ರಿಯ ಸಹೋದರ ಎಂದು ಕರೆದು, ಅವರ ಬರಹಗಳಲ್ಲಿ ಕೆಲವು ಅರ್ಥಮಾಡಿಕೊಳ್ಳಲು ಕಷ್ಟವೆಂದೂ ಸೇರಿಸುತ್ತದೆ (3:15-16). ನೀರೋ ಚಕ್ರವರ್ತಿಯ ಕಾಲದಲ್ಲಿ ಇಬ್ಬರೂ ರೋಮಿನಲ್ಲಿ ರಕ್ತಸಾಕ್ಷಿಗಳಾದರು ಎಂಬುದು ಧರ್ಮಸಭೆಯ ಪ್ರಾಚೀನ ಪರಂಪರೆ. ಜಗಳವಾಡಿದ ಇಬ್ಬರನ್ನೂ ಧರ್ಮಸಭೆ ಜೂನ್ 29ರಂದು ಒಂದೇ ಹಬ್ಬದಲ್ಲಿ ಸ್ಮರಿಸುತ್ತದೆ.

ಅಧ್ಯಯನಕ್ಕೆ ಒಂದು ಕ್ರಮ

ಧರ್ಮೋಪದೇಶ ಶಿಕ್ಷಕರು ಮತ್ತು ಕಿರು ಕ್ರೈಸ್ತ ಸಮುದಾಯಗಳ ಮುಂದಾಳುಗಳು ಈ ವಿಷಯವನ್ನು ನಾಲ್ಕು ವಾರಗಳಲ್ಲಿ ಮುಗಿಸಬಹುದು.

ಮೊದಲ ವಾರ: ಪ್ರೇಷಿತರ ಕಾರ್ಯಕಲಾಪಗಳು 10. ಪೇತ್ರರು ದಾಟಿದ ಹೊಸ್ತಿಲು ಯಾವುದು? ನಮ್ಮ ಊರಿನಲ್ಲಿ ನಾವು ದಾಟದ ಹೊಸ್ತಿಲು ಯಾವುದು?

ಎರಡನೇ ವಾರ: ಪ್ರೇಷಿತರ ಕಾರ್ಯಕಲಾಪಗಳು 15. ಭಿನ್ನಾಭಿಪ್ರಾಯ ಬಂದಾಗ ಅವರು ಹೇಗೆ ಕೂತು ಕೇಳಿ ತೀರ್ಮಾನಿಸಿದರು?

ಮೂರನೇ ವಾರ: ಗಲಾತ್ಯ 2, ಅದರೊಡನೆ 1 ಕೊರಿಂಥ 11:17-34. ನಮ್ಮ ಪಂಕ್ತಿಯಲ್ಲಿ ಯಾರು ಇಲ್ಲ?

ನಾಲ್ಕನೇ ವಾರ: ರೋಮ 3 ಮತ್ತು 4, ಯಾಕೋಬ 2. ಓದಿದ ಮೇಲೆ ಒಂದು ಸತ್ಕಾರ್ಯವನ್ನು ಸಮುದಾಯವೇ ನಿಶ್ಚಯಿಸಲಿ.

ಕೊರಿಂಥದವರು ನಾನು ಪೌಲನ ಕಡೆಯವನು, ನಾನು ಕೇಫನ ಕಡೆಯವನು ಎಂದು ಗುಂಪು ಕಟ್ಟಿಕೊಂಡಾಗ ಪೌಲರು ಬೇಸಾಯದ ಮಾತಿನಲ್ಲಿ ಉತ್ತರ ಕೊಟ್ಟರು: ತಾನು ನೆಟ್ಟೆ, ಅಪೊಲ್ಲೋಸ ನೀರೆರೆದ, ಬೆಳೆಸಿದವರು ದೇವರು (1 ಕೊರಿಂಥ 3). ಕೊಪ್ಪಳ ಜಿಲ್ಲೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಗಾವತಿಯ ಭತ್ತದ ಗದ್ದೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಕುಷ್ಟಗಿ, ಯಲಬುರ್ಗಾದ ಹೊಲಗಳಲ್ಲಿ ಹೆಚ್ಚಿನವು ಮಳೆಯನ್ನೇ ನಂಬಿದವು. ಗದ್ದೆಯ ಬೇಸಾಯ ಒಂದು ಬಗೆ, ಜೋಳದ ಹೊಲದ ಬೇಸಾಯ ಇನ್ನೊಂದು. ಅಲ್ಲಿಯ ಅನ್ನವೂ ಇಲ್ಲಿಯ ರೊಟ್ಟಿಯೂ ಹಸಿದವನ ಹೊಟ್ಟೆಗೇ ಸೇರಬೇಕು. ನಮ್ಮ ಸೇವೆಗಳು ಹಲವು ಬಗೆಯವಾಗಿರಲಿ, ಪಂಕ್ತಿ ಮಾತ್ರ ಒಂದೇ ಇರಲಿ.